ಬುದ್ಧನ ಕಾಲ ಯಾವುದು? ಪಾಶ್ಚಾತ್ಯ ವಿದ್ವಾಂಸರ ಇನ್ನೂರು ವರ್ಷಗಳ ಹುಡುಕಾಟ

ಉತ್ತರ ಪ್ರದೇಶದ ಪಿಪ್ರಾಹ್ವಾ ಸ್ತೂಪದಲ್ಲಿ 1898ರಲ್ಲಿ ದೊರೆತಿದ್ದ ರತ್ನಗಳ ಒಂದು ಭಾಗ 2025ರ ಜುಲೈನಲ್ಲಿ ಭಾರತಕ್ಕೆ ಮರಳಿತು. ಆ ವರ್ಷದ ಮೇ ತಿಂಗಳಿನಲ್ಲಿ ಅವುಗಳನ್ನು ಹಾಂಗ್‌ಕಾಂಗ್‌ನಲ್ಲಿ ಹರಾಜು ಹಾಕಲು ಸಿದ್ಧತೆ ನಡೆದಿತ್ತು. ಭಾರತ ಸರ್ಕಾರ ಕಾನೂನು ನೋಟಿಸ್ ನೀಡಿದ ಬಳಿಕ ಹರಾಜು ಮುಂದಕ್ಕೆ ಹೋಗಿ, ಕೊನೆಗೆ ರತ್ನಗಳು ಸ್ವದೇಶ ಸೇರಿದವು. ಬುದ್ಧನ ಅಸ್ಥಿಯೊಡನೆ ಹೂಳಲ್ಪಟ್ಟವು ಎಂಬ ನಂಬಿಕೆಯೇ ಅವುಗಳ ಬೆಲೆಗೂ, ಅವುಗಳ ಸುತ್ತಲಿನ ಭಕ್ತಿಗೂ ಕಾರಣ. ಆದರೆ ಅದೇ ಸ್ತೂಪದಲ್ಲಿ ದೊರೆತ ಕರಂಡಕದ ಮೇಲಿನ ಚಿಕ್ಕ ಬ್ರಾಹ್ಮೀ ಬರಹದ ಅರ್ಥವೇನು ಎಂಬ ವಾದ ಒಂದು ಶತಮಾನ ಕಳೆದರೂ ಮುಗಿದಿಲ್ಲ.

ಬೌದ್ಧ ಧರ್ಮದ ಉಗಮವನ್ನು ಕುರಿತ ಬಹುತೇಕ ಪ್ರಶ್ನೆಗಳ ಸ್ಥಿತಿಯೂ ಇದೇ ಆಗಿದೆ. ಬುದ್ಧ ಕ್ರಿ.ಪೂ. 563ರಲ್ಲಿ ಹುಟ್ಟಿ 483ರಲ್ಲಿ ನಿರ್ವಾಣ ಹೊಂದಿದ ಎಂದು ಶಾಲಾ ಪುಸ್ತಕಗಳಲ್ಲಿ ಓದಿದವರು ಅನೇಕ. ಈ ಇಸವಿಗಳು ಯಾವ ಶಾಸನದಲ್ಲೂ, ಯಾವ ಪ್ರಾಚೀನ ಗ್ರಂಥದಲ್ಲೂ ಹೀಗೆಯೇ ಬರೆದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ವಿದ್ವಾಂಸರು ಶಾಸನ, ಸಿಂಹಳದ ವಂಶಾವಳಿ ಹಾಗೂ ಗ್ರೀಕ್ ಇತಿಹಾಸಗಳನ್ನು ಜೋಡಿಸಿ ಹಾಕಿದ ಲೆಕ್ಕದ ಫಲ ಅವು. ಆ ಲೆಕ್ಕ ಹೇಗೆ ಹುಟ್ಟಿತು, ಈಗ ಏಕೆ ಅಲುಗಾಡುತ್ತಿದೆ ಎಂಬುದನ್ನು ತಿಳಿಯಬೇಕಾದರೆ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಊಹೆಗಳ ಕಾಲ

ಹದಿನೆಂಟನೆಯ ಶತಮಾನದ ಕೊನೆಯವರೆಗೂ ಯೂರೋಪಿನವರಿಗೆ ಬುದ್ಧ ಯಾರೆಂಬುದರ ಸ್ಪಷ್ಟ ಕಲ್ಪನೆ ಇರಲಿಲ್ಲ. ಸಯಾಂ, ಬರ್ಮಾ, ಸಿಂಹಳ, ಟಿಬೆಟ್, ಚೀನಾ ದೇಶಗಳಲ್ಲಿ ಬೇರೆ ಬೇರೆ ಹೆಸರಿನಿಂದ ಪೂಜೆಗೊಳ್ಳುತ್ತಿದ್ದವನು ಒಬ್ಬನೇ ಎಂಬುದೇ ತಡವಾಗಿ ತಿಳಿದ ಸಂಗತಿ. ವಿಗ್ರಹಗಳ ಗುಂಗುರು ಕೂದಲನ್ನು ಕಂಡು ಬುದ್ಧ ಆಫ್ರಿಕಾ ಮೂಲದವನಿರಬೇಕೆಂದು ಊಹಿಸಿದವರಿದ್ದರು. ಉತ್ತರ ಯೂರೋಪಿನ ಓಡಿನ್ ಎಂಬ ದೇವತೆಯೂ ಬುದ್ಧನೂ ಒಬ್ಬನೇ ಎಂದವರಿದ್ದರು. ಕಲ್ಕತ್ತೆಯಲ್ಲಿ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದ ಸರ್ ವಿಲಿಯಂ ಜೋನ್ಸ್ ಅವರಂಥ ಪಂಡಿತರ ಬರಹಗಳಲ್ಲೂ ಇಂಥ ಊಹೆಗಳು ಕಾಣಸಿಗುತ್ತವೆ.

ಕನ್ನಡಿಗರಿಗೆ ಪರಿಚಿತವಾದ ಒಂದು ಹೆಸರು ಈ ಘಟ್ಟದಲ್ಲಿ ಬರುತ್ತದೆ. ಟಿಪ್ಪು ಸುಲ್ತಾನನ ಪತನದ ನಂತರ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ ವಿವರವಾದ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ಅದಕ್ಕೆ ಮುನ್ನ ಬರ್ಮಾಕ್ಕೆ ಹೋಗಿಬಂದಿದ್ದರು. ಬರ್ಮೀಯರ ಧರ್ಮ ಮತ್ತು ಸಾಹಿತ್ಯ ಕುರಿತ ಅವರ ದೀರ್ಘ ಪ್ರಬಂಧ 1799ರಲ್ಲಿ ಪ್ರಕಟವಾಯಿತು. ಅಲ್ಲಿನ ಜನರ ಗ್ರಂಥಗಳ ಆಧಾರದಿಂದ ಬೌದ್ಧ ಧರ್ಮವನ್ನು ಇಂಗ್ಲಿಷಿನಲ್ಲಿ ವಿವರಿಸಿದ ಮೊದಮೊದಲ ಬರಹಗಳಲ್ಲಿ ಅದೂ ಒಂದು. ಮುಂದೆ 1811ರಲ್ಲಿ ಬುಕಾನನ್ ಬೋಧಗಯೆಗೂ ಭೇಟಿ ನೀಡಿದರು.

ಕಠ್ಮಂಡುವಿನಿಂದ ಪ್ಯಾರಿಸ್ಸಿಗೆ

ಊಹೆಗಳ ಜಾಗದಲ್ಲಿ ಗ್ರಂಥಗಳು ಬಂದದ್ದು ನೇಪಾಳದ ಮೂಲಕ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿ ಕಠ್ಮಂಡುವಿನಲ್ಲಿದ್ದ ಬ್ರಯನ್ ಹಾಟನ್ ಹಾಜ್‌ಸನ್, ಪಾಟನ್ ನಗರದ ನೇವಾರಿ ಪಂಡಿತ ಅಮೃತಾನಂದರ ನೆರವಿನಿಂದ ಸಂಸ್ಕೃತ ಬೌದ್ಧ ಹಸ್ತಪ್ರತಿಗಳನ್ನು ಹುಡುಕಿ ಪ್ರತಿ ಮಾಡಿಸಿದರು. ಕಲ್ಕತ್ತೆ, ಲಂಡನ್, ಪ್ಯಾರಿಸ್‌ಗಳಿಗೆ ಅವುಗಳನ್ನು ಕಳುಹಿಸಿದರು. ಭಾರತದ ಬಯಲು ಸೀಮೆಯಲ್ಲಿ ಬಹುತೇಕ ಕಣ್ಮರೆಯಾಗಿದ್ದ ಈ ಸಾಹಿತ್ಯ ಹಿಮಾಲಯದ ಕಣಿವೆಯಲ್ಲಿ ಉಳಿದುಕೊಂಡಿತ್ತು. ಅದೇ ಕಾಲದಲ್ಲಿ ಹಂಗೆರಿಯ ಚೋಮಾ ದ ಕೊರೊಶ್ ಹಿಮಾಲಯದ ಮಠಗಳಲ್ಲಿ ವರ್ಷಗಟ್ಟಲೆ ಕುಳಿತು ಟಿಬೆಟನ್ ಕಲಿತು, 1834ರಲ್ಲಿ ಆ ಭಾಷೆಯ ನಿಘಂಟು ಹಾಗೂ ವ್ಯಾಕರಣವನ್ನು ಪ್ರಕಟಿಸಿದರು.

ಹಾಜ್‌ಸನ್ ಕಳುಹಿಸಿದ ಕಟ್ಟುಗಳು 1837ರಲ್ಲಿ ಪ್ಯಾರಿಸ್ ತಲುಪಿದಾಗ ಅವುಗಳನ್ನು ಆಸಕ್ತಿಯಿಂದ ಬಿಚ್ಚಿದವರು ಯೂಜೀನ್ ಬರ್ನೂಫ್. ಭಾರತಕ್ಕೆ ಒಮ್ಮೆಯೂ ಬಾರದ ಈ ಫ್ರೆಂಚ್ ವಿದ್ವಾಂಸರು 1844ರಲ್ಲಿ ಪ್ರಕಟಿಸಿದ, ಆರುನೂರಕ್ಕೂ ಹೆಚ್ಚು ಪುಟಗಳ ಭಾರತೀಯ ಬೌದ್ಧ ಧರ್ಮದ ಇತಿಹಾಸವು ಆಧುನಿಕ ಬೌದ್ಧ ಅಧ್ಯಯನದ ಅಡಿಗಲ್ಲೆನಿಸಿದೆ. ಬೌದ್ಧ ಧರ್ಮ ಭಾರತದಲ್ಲೇ ಹುಟ್ಟಿತು, ಅದರ ಮೂಲವನ್ನು ಭಾರತದ ಭಾಷೆಗಳಲ್ಲೇ ಹುಡುಕಬೇಕು, ಬುದ್ಧ ಪೌರಾಣಿಕ ದೇವತೆಯಾಗಿರದೆ ಒಬ್ಬ ಮನುಷ್ಯನಾಗಿದ್ದ ಎಂಬ ಮೂರು ಮಾತುಗಳು ಆ ಗ್ರಂಥದಿಂದ ಗಟ್ಟಿಯಾದವು.

ಕಲ್ಲುಗಳ ಸಾಕ್ಷ್ಯ

ಗ್ರಂಥಗಳು ಕಥೆ ಹೇಳಿದವು, ಕಾಲವನ್ನು ಹೇಳಲಿಲ್ಲ. ಆ ಕೊರತೆ ತುಂಬಿದ್ದು ಶಾಸನಗಳು. ಕಲ್ಕತ್ತೆಯ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದರು. ಸಾಂಚಿಯ ಕಲ್ಲುಗಳ ಮೇಲೆ ಮತ್ತೆ ಮತ್ತೆ ಬರುವ ಕೊನೆಯ ಪದ ‘ದಾನಂ’ ಎಂದು ಹೊಳೆದದ್ದು ಇಡೀ ಲಿಪಿಗೆ ಬೀಗದ ಕೈಯಾಯಿತು. ಸ್ತಂಭಗಳಲ್ಲೂ ಬಂಡೆಗಳಲ್ಲೂ ‘ದೇವಾನಾಂಪಿಯ ಪಿಯದಸಿ’ ಎಂಬ ರಾಜ ಮಾತನಾಡುತ್ತಿದ್ದ. ಅವನು ಯಾರು? ಸಿಂಹಳದಲ್ಲಿ ನಾಗರಿಕ ಸೇವೆಯಲ್ಲಿದ್ದ ಜಾರ್ಜ್ ಟರ್ನೂರ್ ಪಾಲಿ ಗ್ರಂಥವಾದ ದೀಪವಂಸದಿಂದ ಉತ್ತರ ಕಂಡುಕೊಂಡರು. ಪಿಯದಸಿ ಎಂಬುದು ಅಶೋಕನದೇ ಇನ್ನೊಂದು ಹೆಸರು.

ಈ ಗುರುತಿಸುವಿಕೆಗೆ ಕಲ್ಲಿನ ಪುರಾವೆ ಸಿಕ್ಕಿದ್ದು ಕರ್ನಾಟಕದ ನೆಲದಲ್ಲಿ ಎಂಬುದು ಗಮನಾರ್ಹ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಪತ್ತೆ ಹಚ್ಚಿದ ಶಾಸನದಲ್ಲಿ ಬಿರುದಿನೊಂದಿಗೆ ‘ಅಶೋಕ’ ಎಂಬ ಹೆಸರೂ ಇತ್ತು. ಅದಕ್ಕೂ ಮೊದಲೇ 1892ರಲ್ಲಿ ಬಿ.ಎಲ್. ರೈಸ್ ಅವರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಹಾಗೂ ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದಿದ್ದರು. ದಕ್ಷಿಣದಲ್ಲಿ ಇಷ್ಟು ದೂರದವರೆಗೆ ಅಶೋಕನ ಮಾತು ತಲುಪಿತ್ತೆಂಬುದು ಅಂದಿನ ಇತಿಹಾಸಕಾರರಿಗೆ ಹೊಸ ಸುದ್ದಿಯಾಗಿತ್ತು.

ಲೆಕ್ಕ ಹಾಕಿದ್ದು ಹೀಗೆ

ಅಶೋಕ ತನ್ನ ಹದಿಮೂರನೆಯ ಬಂಡೆ ಶಾಸನದಲ್ಲಿ ಐವರು ಯವನ ರಾಜರನ್ನು ಹೆಸರಿಸಿದ್ದಾನೆ. ಸಿರಿಯಾದ ಆಂಟಿಯೋಕಸ್, ಈಜಿಪ್ಟಿನ ಟಾಲೆಮಿ, ಮ್ಯಾಸಿಡೋನಿಯದ ಆಂಟಿಗೋನಸ್, ಸೈರೀನಿನ ಮಗಸ್ ಮತ್ತು ಅಲೆಕ್ಸಾಂಡರ್ ಎಂಬ ಇನ್ನೊಬ್ಬ ಅರಸ. ಇವರೆಲ್ಲ ಏಕಕಾಲದಲ್ಲಿ ಬದುಕಿದ್ದ ವರ್ಷಗಳು ಗ್ರೀಕ್ ಇತಿಹಾಸದಿಂದ ತಿಳಿದಿವೆ. ಅದರ ಆಧಾರದಿಂದ ಅಶೋಕನ ಪಟ್ಟಾಭಿಷೇಕ ಕ್ರಿ.ಪೂ. 268ರ ಸುಮಾರಿಗೆ ನಡೆಯಿತೆಂದು ನಿರ್ಧರಿಸಲಾಯಿತು. ಪ್ರಾಚೀನ ಭಾರತದ ಕಾಲಗಣನೆಯ ಅತ್ಯಂತ ಗಟ್ಟಿಯಾದ ಗೂಟಗಳಲ್ಲಿ ಇದೂ ಒಂದು.

ಬುದ್ಧನ ನಿರ್ವಾಣದ 218 ವರ್ಷಗಳ ನಂತರ ಅಶೋಕನಿಗೆ ಪಟ್ಟವಾಯಿತೆಂದು ಸಿಂಹಳದ ವಂಶಾವಳಿಗಳು ಹೇಳುತ್ತವೆ. 268ಕ್ಕೆ 218 ಕೂಡಿಸಿದರೆ 486. ಪಟ್ಟಾಭಿಷೇಕದ ವರ್ಷವನ್ನು ತುಸು ಈಚೆಗೆ ತಂದವರಿಗೆ 483 ಸಿಕ್ಕಿತು. ಬುದ್ಧ ಎಂಬತ್ತು ವರ್ಷ ಬದುಕಿದನೆಂಬ ಪರಂಪರೆಯ ಮಾತನ್ನು ಸೇರಿಸಿದರೆ 563 ಹುಟ್ಟಿದ ವರ್ಷವಾಯಿತು. ಚೀನಾದ ಒಂದು ದಾಖಲೆಯೂ ಇದಕ್ಕೆ ಬೆಂಬಲವಾಗಿ ನಿಂತಿತು. ನಿರ್ವಾಣದ ನಂತರ ವರ್ಷಕ್ಕೊಂದರಂತೆ ವಿನಯ ಗ್ರಂಥದಲ್ಲಿ ಚುಕ್ಕೆ ಇಡುತ್ತ ಬಂದು ಕ್ರಿ.ಶ. 489ರ ಹೊತ್ತಿಗೆ ಚುಕ್ಕೆಗಳು 975 ಆಗಿದ್ದವು ಎಂದು ಅದು ಹೇಳುತ್ತದೆ. ಆ ಲೆಕ್ಕದ ಪ್ರಕಾರವೂ ನಿರ್ವಾಣ ಕ್ರಿ.ಪೂ. 486.

ಥೇರವಾದಿ ದೇಶಗಳ ಸಾಂಪ್ರದಾಯಿಕ ಗಣನೆ ಮಾತ್ರ ಬೇರೆ. ಅದರಂತೆ ನಿರ್ವಾಣ ಕ್ರಿ.ಪೂ. 544ರಲ್ಲಿ. ಭಾರತ ಸರ್ಕಾರ 1956ರಲ್ಲಿ 2500ನೆಯ ಬುದ್ಧ ಜಯಂತಿಯನ್ನು ಆಚರಿಸಿದ್ದು ಈ ಗಣನೆಯನ್ನು ಅನುಸರಿಸಿ. ಡಾ. ಬಿ.ಆರ್. ಅಂಬೇಡ್ಕರ್ ಅವರು ಲಕ್ಷಾಂತರ ಅನುಯಾಯಿಗಳೊಡನೆ ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದ್ದೂ ಅದೇ ವರ್ಷದ ಅಕ್ಟೋಬರ್ 14ರಂದು.

ಇನ್ನು ಬ್ರಹ್ಮಗಿರಿಯ ಸರದಿ. ಅಲ್ಲಿನ ಶಾಸನದ ಕೊನೆಯ ಭಾಗದಲ್ಲಿ 256 ಎಂಬ ಅಂಕಿ ಇದೆ. ಬಿಹಾರದ ಸಹಸ್ರಾಮ್, ಮಧ್ಯ ಪ್ರದೇಶದ ರೂಪನಾಥದ ಪಾಠಗಳಲ್ಲೂ ಅದೇ ಅಂಕಿ. ಬುದ್ಧನ ನಿರ್ವಾಣವಾಗಿ ಸಂದ ವರ್ಷಗಳೇ ಇವು ಎಂದು ಜರ್ಮನಿಯ ಜಾರ್ಜ್ ಬ್ಯೂಲರ್ ಅರ್ಥೈಸಿದರು. ಅದು ಸರಿಯಾಗಿದ್ದಲ್ಲಿ ಬುದ್ಧನ ಕಾಲಕ್ಕೆ ಅಶೋಕನದೇ ಮುದ್ರೆ ದೊರೆತಂತಾಗುತ್ತಿತ್ತು. ಆದರೆ ಸಹಸ್ರಾಮ್ ಪಾಠದಲ್ಲಿ ‘ರಾತ್ರಿ’ ಎಂಬ ಅರ್ಥದ ಪದ ಸ್ಪಷ್ಟವಾಗಿದೆ. ರಾಜ ಪ್ರವಾಸದಲ್ಲಿ ಕಳೆದ 256 ರಾತ್ರಿಗಳ ಲೆಕ್ಕ ಅದು ಎಂಬುದೇ ಇಂದು ಬಹುಮಂದಿ ಒಪ್ಪುವ ಅರ್ಥ. ಒಂದು ಪದವನ್ನು ಬೇರೆಯಾಗಿ ಓದಿದ್ದರಿಂದ ಬಹುದೊಡ್ಡ ಸಾಕ್ಷ್ಯವೊಂದು ಕೈಜಾರಿತು.

ಪಾಲಿಯ ಬುದ್ಧ, ಮನೆಯೊಳಗಿನ ಸಂನ್ಯಾಸಿ

ಕಾಲದ ಪ್ರಶ್ನೆಯ ಜೊತೆಗೇ ವ್ಯಕ್ತಿಯ ಪ್ರಶ್ನೆಯೂ ಎದ್ದಿತು. ಫ್ರಾನ್ಸಿನ ಎಮಿಲ್ ಸೆನಾರ್ 1870ರ ದಶಕದಲ್ಲಿ ಬುದ್ಧನ ಕಥೆಯನ್ನು ಸೂರ್ಯನ ಪುರಾಣವೆಂದು ವಿವರಿಸಿದರು. ಜರ್ಮನಿಯ ಹರ್ಮನ್ ಓಲ್ಡೆನ್‌ಬರ್ಗ್ 1881ರ ತಮ್ಮ ಗ್ರಂಥದಲ್ಲಿ ಇದನ್ನು ಖಂಡಿಸಿ, ಪಾಲಿ ಗ್ರಂಥಗಳ ಪವಾಡಗಳನ್ನು ಬದಿಗಿಟ್ಟರೆ ನಂಬಬಹುದಾದ ಒಬ್ಬ ಗುರು ಕಾಣುತ್ತಾನೆ ಎಂದರು. ಅದೇ ವರ್ಷ ಟಿ.ಡಬ್ಲ್ಯು. ರೀಸ್ ಡೇವಿಡ್ಸ್ ಲಂಡನ್ನಿನಲ್ಲಿ ಪಾಲಿ ಟೆಕ್ಸ್ಟ್ ಸೊಸೈಟಿ ಸ್ಥಾಪಿಸಿದರು. ಸಿಂಹಳದಲ್ಲಿ ಅಧಿಕಾರಿಯಾಗಿದ್ದಾಗ ಅವರಿಗೆ ಪಾಲಿ ಕಲಿಸಿದವರು ಯಾತ್ರಾಮುಲ್ಲೆ ಎಂಬ ಭಿಕ್ಷು. ಇಂಥ ಗುರುಗಳ ಹೆಸರು ಪಾಶ್ಚಾತ್ಯ ಇತಿಹಾಸ ಗ್ರಂಥಗಳಲ್ಲಿ ಬಹುಕಾಲ ಹಿಂದೆಯೇ ಉಳಿಯಿತು.

ಹೀಗೆ ರೂಪುಗೊಂಡ ಬುದ್ಧ ವಿಚಾರವಾದಿ, ಯಜ್ಞ ಮತ್ತು ಪುರೋಹಿತಶಾಹಿಯ ವಿರೋಧಿ. ಕ್ರೈಸ್ತ ಮತಸುಧಾರಕ ಮಾರ್ಟಿನ್ ಲೂಥರ್ ಜೊತೆ ಅವನನ್ನು ಹೋಲಿಸುವುದು ವಿಕ್ಟೋರಿಯಾ ಯುಗದ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿತ್ತು. ಆ ಕಾಲದವರು ತಮಗೆ ಬೇಕಾದ ಬುದ್ಧನನ್ನು ಗ್ರಂಥಾಲಯದಲ್ಲಿ ಕಟ್ಟಿಕೊಂಡರು, ಏಷ್ಯಾದಲ್ಲಿ ಜೀವಂತವಾಗಿದ್ದ ಬೌದ್ಧರನ್ನು ಮೂಲದಿಂದ ಜಾರಿದವರೆಂದು ಬಗೆದರು ಎಂದು ಫಿಲಿಪ್ ಆಲ್ಮಂಡ್ 1988ರ ತಮ್ಮ ಪುಸ್ತಕದಲ್ಲಿ ವಿಶ್ಲೇಷಿಸಿದ್ದಾರೆ.

ಅಮೆರಿಕದ ಗ್ರೆಗರಿ ಶೋಪೆನ್ 1991ರ ಲೇಖನವೊಂದರಲ್ಲಿ ಇನ್ನೂ ಕಟುವಾದ ಪ್ರಶ್ನೆ ಎತ್ತಿದರು. ಭಿಕ್ಷುಗಳು ಹಣ ಮುಟ್ಟಬಾರದು, ಆಸ್ತಿ ಹೊಂದಬಾರದು ಎಂದು ಗ್ರಂಥದಲ್ಲಿದೆ. ಆದರೆ ಸಾಂಚಿ, ಭಾರ್ಹುತ್‌ಗಳ ಶಾಸನಗಳಲ್ಲಿ ದಾನಿಗಳ ಪಟ್ಟಿಯಲ್ಲಿ ಭಿಕ್ಷು ಭಿಕ್ಷುಣಿಯರೇ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕೈಯಲ್ಲಿ ಏನೂ ಇಲ್ಲದವರು ಕಲ್ಲಿನ ಕಂಬ ಮಾಡಿಸಿಕೊಟ್ಟದ್ದು ಹೇಗೆ? ನಿಜವಾದ ಧರ್ಮ ಗ್ರಂಥದಲ್ಲೇ ಇದೆ, ನೆಲದಲ್ಲಿ ಸಿಕ್ಕಿದ್ದು ಅದರ ವಿಕೃತಿ ಎಂಬ ಭಾವನೆಯು ಪ್ರಾಟೆಸ್ಟೆಂಟ್ ಕ್ರೈಸ್ತರ ಧರ್ಮದೃಷ್ಟಿಯಿಂದ ಬಂದದ್ದು ಎಂದು ಅವರು ವಾದಿಸಿದರು. ಅಲ್ಲಿಂದೀಚೆಗೆ ಶಾಸನ ಮತ್ತು ಉತ್ಖನನಗಳನ್ನು ಗ್ರಂಥದ ಅಡಿಟಿಪ್ಪಣಿಯಂತೆ ಕಾಣುವುದು ಕಡಿಮೆಯಾಗಿದೆ.

ಮಣ್ಣಿನಲ್ಲಿ ಸಿಕ್ಕಿದ್ದು

ನೇಪಾಳದ ತರಾಯಿ ಪ್ರದೇಶದ ಲುಂಬಿನಿಯಲ್ಲಿ 1896ರ ಡಿಸೆಂಬರಿನಲ್ಲಿ ಅಶೋಕ ಸ್ತಂಭದ ಬರಹ ಬೆಳಕಿಗೆ ಬಂದಿತು. ಪಟ್ಟಾಭಿಷೇಕವಾಗಿ ಇಪ್ಪತ್ತು ವರ್ಷವಾದಾಗ ಸ್ವತಃ ಬಂದು ಪೂಜಿಸಿದುದಾಗಿಯೂ, ಶಾಕ್ಯಮುನಿ ಬುದ್ಧ ಹುಟ್ಟಿದ ಊರಾದ್ದರಿಂದ ತೆರಿಗೆಯಲ್ಲಿ ರಿಯಾಯಿತಿ ನೀಡಿದುದಾಗಿಯೂ ಅಶೋಕ ಅಲ್ಲಿ ಹೇಳಿಕೊಂಡಿದ್ದಾನೆ. ಈ ಶೋಧದಲ್ಲಿ ನೇಪಾಳದ ಜನರಲ್ ಖಡ್ಗ ಶಂಶೇರ್ ಜೊತೆ ಭಾಗಿಯಾದ ಎ.ಎ. ಫ್ಯೂರರ್ ಎಂಬ ಜರ್ಮನ್ ಪುರಾತತ್ವಜ್ಞ ಮುಂದೆ ಕುಖ್ಯಾತರಾದರು. ಬರ್ಮಾದ ಭಿಕ್ಷುವೊಬ್ಬರಿಗೆ ನಕಲಿ ಅವಶೇಷಗಳನ್ನು ಬುದ್ಧನವೆಂದು ನೀಡಿದ್ದು ಬಯಲಾಗಿ, 1898ರಲ್ಲಿ ಅವರು ಹುದ್ದೆ ತೊರೆಯಬೇಕಾಯಿತು.

ಅದೇ ವರ್ಷ, ಲುಂಬಿನಿಗೆ ಹೆಚ್ಚು ದೂರವಿಲ್ಲದ ಪಿಪ್ರಾಹ್ವಾದಲ್ಲಿ ಜಮೀನುದಾರ ಡಬ್ಲ್ಯು.ಸಿ. ಪೆಪ್ಪೆ ಸ್ತೂಪವನ್ನು ಅಗೆಸಿದರು. ಕಲ್ಲಿನ ದೊಡ್ಡ ಪೆಟ್ಟಿಗೆಯೊಳಗೆ ಕರಂಡಕಗಳು, ಅಸ್ಥಿ, ರತ್ನಗಳು ಸಿಕ್ಕಿದವು. ಶಾಕ್ಯರು ಪ್ರತಿಷ್ಠಾಪಿಸಿದ ಬುದ್ಧನ ಅಸ್ಥಿ ಎಂದು ಬ್ಯೂಲರ್ ಓದಿದರೆ, ಬುದ್ಧನ ಬಂಧುಗಳಾದ ಶಾಕ್ಯರ ಅಸ್ಥಿ ಎಂದು ಜೆ.ಎಫ್. ಫ್ಲೀಟ್ ಓದಿದರು. ಈ ಫ್ಲೀಟ್ ಬೇರೆ ಯಾರೂ ಅಲ್ಲ. ಕನ್ನಡ ಶಾಸನಗಳನ್ನು ಸಂಪಾದಿಸಿ, ಉತ್ತರ ಕರ್ನಾಟಕದ ಲಾವಣಿಗಳನ್ನು ಸಂಗ್ರಹಿಸಿ, ಕನ್ನಡ ನಾಡಿನ ರಾಜವಂಶಗಳ ಇತಿಹಾಸ ಬರೆದ ಅಧಿಕಾರಿಯೇ. ಬ್ಯೂಲರ್ ಓದಿಗೆ ಇಂದು ಹೆಚ್ಚಿನ ಮನ್ನಣೆ ಇದೆಯಾದರೂ, ಬರಹ ಬುದ್ಧನ ಕಾಲಕ್ಕಿಂತ ಶತಮಾನಗಳಷ್ಟು ಈಚಿನದಿರಬಹುದೆಂಬುದು ಲಿಪಿತಜ್ಞರ ವಾದ.

ಬುದ್ಧ ಬೆಳೆದ ಕಪಿಲವಸ್ತು ಎಲ್ಲಿತ್ತೆಂಬ ಜಗಳಕ್ಕೂ ಇದೇ ಮೂಲ. ಪಿಪ್ರಾಹ್ವಾದಲ್ಲಿ 1970ರ ದಶಕದ ಆರಂಭದಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಕೆ.ಎಂ. ಶ್ರೀವಾಸ್ತವ ನಡೆಸಿದ ಉತ್ಖನನದಲ್ಲಿ ಕಪಿಲವಸ್ತು ಎಂಬ ಹೆಸರಿರುವ ಮಣ್ಣಿನ ಮುದ್ರೆಗಳು ದೊರೆತವು. ನೇಪಾಳವು ತನ್ನ ತಿಲೌರಾಕೋಟ್‌ನ ಕೋಟೆ ಪಟ್ಟಣವೇ ನಿಜವಾದ ಕಪಿಲವಸ್ತು ಎನ್ನುತ್ತದೆ. ಎರಡೂ ಸ್ಥಳಗಳು ಗಡಿಯ ಎರಡು ಬದಿಯಲ್ಲಿರುವುದರಿಂದ ಪಾಂಡಿತ್ಯದ ಚರ್ಚೆಯ ಜೊತೆ ಯಾತ್ರಿಕರ ವರಮಾನ ಮತ್ತು ರಾಷ್ಟ್ರಾಭಿಮಾನವೂ ಬೆರೆತಿವೆ.

ಎಂಬತ್ತು ವರ್ಷಗಳ ಅಂತರ

ಕಾಲದ ಲೆಕ್ಕಕ್ಕೆ ದೊಡ್ಡ ಪೆಟ್ಟು ಬಿದ್ದಿದ್ದು 1988ರಲ್ಲಿ. ಹೈನ್ಸ್ ಬೆಶರ್ಟ್ ಅವರು ಜರ್ಮನಿಯ ಗಟಿಂಗನ್‌ನಲ್ಲಿ ಈ ಒಂದೇ ವಿಷಯಕ್ಕಾಗಿ ವಿಚಾರ ಸಂಕಿರಣ ಏರ್ಪಡಿಸಿದರು. ಸಿಂಹಳದ 218 ವರ್ಷಗಳಿಗೆ ಎದುರಾಗಿ, ಉತ್ತರದ ಪರಂಪರೆಯ ಗ್ರಂಥಗಳು ನಿರ್ವಾಣ ಮತ್ತು ಅಶೋಕನ ನಡುವೆ ಕೇವಲ ನೂರು ವರ್ಷ ಎನ್ನುತ್ತವೆ. ಎರಡೂ ದುಂಡನೆಯ ಸಂಖ್ಯೆಗಳಾಗಿ ಹುಟ್ಟಿರಬಹುದೆಂಬ ಸಂಶಯ ಬಲವಾಯಿತು. ಗುರುಪರಂಪರೆಯ ತಲೆಮಾರುಗಳನ್ನು ಎಣಿಸಿದ ಆಕ್ಸ್‌ಫರ್ಡಿನ ರಿಚರ್ಡ್ ಗೊಂಬ್ರಿಚ್, ಈ ಅಂತರ ಸುಮಾರು 136 ವರ್ಷ ಎಂದು ಲೆಕ್ಕ ಹಾಕಿ ನಿರ್ವಾಣವನ್ನು ಕ್ರಿ.ಪೂ. 404ರ ಆಸುಪಾಸಿಗೆ ತಂದರು. ಕ್ರಿ.ಪೂ. 400ರ ಸುಮಾರು ಎಂಬುದಕ್ಕೆ ಅಲ್ಲಿಂದ ಮುಂದೆ ವಿದ್ವತ್ ವಲಯದಲ್ಲಿ ಒಲವು ಹೆಚ್ಚಿತು.

ಎಂಬತ್ತು ವರ್ಷ ಆಚೀಚೆಯಾದರೆ ಏನು ನಷ್ಟ ಎಂದು ಕೇಳಬಹುದು. ಬುದ್ಧನ ಕಾಲ ಸರಿದರೆ ಅವನ ಸಮಕಾಲೀನರಾದ ಮಹಾವೀರ, ಬಿಂಬಿಸಾರ, ಅಜಾತಶತ್ರು ಎಲ್ಲರೂ ಸರಿಯುತ್ತಾರೆ. ನಂದರಿಗೆ ಮುಂಚಿನ ಮಗಧದ ಇತಿಹಾಸವೆಲ್ಲ ಮತ್ತೆ ಜೋಡಿಸಬೇಕಾಗುತ್ತದೆ. ಬುದ್ಧನ ಮಾತುಗಳು ಬರಹಕ್ಕಿಳಿಯುವ ಮುನ್ನ ಎಷ್ಟು ತಲೆಮಾರು ಬಾಯಿಂದ ಬಾಯಿಗೆ ಸಾಗಿದವು, ಅವುಗಳನ್ನು ಎಷ್ಟು ನಂಬಬಹುದು ಎಂಬುದೂ ಈ ಅಂತರವನ್ನೇ ಅವಲಂಬಿಸಿದೆ.

ಈ ಒಲವಿಗೆ ವಿರುದ್ಧವಾದ ಸುದ್ದಿ 2013ರಲ್ಲಿ ಲುಂಬಿನಿಯಿಂದ ಬಂದಿತು. ಬ್ರಿಟನ್ನಿನ ರಾಬಿನ್ ಕನಿಂಗ್‌ಹ್ಯಾಮ್ ಮತ್ತು ನೇಪಾಳದ ಕೋಶ್ ಪ್ರಸಾದ್ ಆಚಾರ್ಯ ನೇತೃತ್ವದ ತಂಡವು ಮಾಯಾದೇವಿ ದೇವಾಲಯದ ಇಟ್ಟಿಗೆ ಕಟ್ಟಡದ ಕೆಳಗೆ ಮರದ ಕಂಬಗಳ ಗುಳಿಗಳನ್ನೂ, ನಡುವಿನ ಬಯಲಿನಲ್ಲಿ ಮರದ ಬೇರಿನ ಕುರುಹನ್ನೂ ಕಂಡು, ಅದನ್ನು ಕ್ರಿ.ಪೂ. ಆರನೆಯ ಶತಮಾನದ ಬೌದ್ಧ ಪೂಜಾಸ್ಥಳವೆಂದು ಪ್ರಕಟಿಸಿತು. ಮರಕ್ಕೆ ಬೇಲಿ ಕಟ್ಟಿ ಪೂಜಿಸುವುದು ಬುದ್ಧನಿಗಿಂತಲೂ ಹಳೆಯ ಪದ್ಧತಿ; ಆ ಕಟ್ಟೆ ಬೌದ್ಧರದೇ ಎನ್ನಲು ಪುರಾವೆ ಸಾಲದು ಎಂದು ಗೊಂಬ್ರಿಚ್ ಸೇರಿದಂತೆ ಹಲವರು ಆಕ್ಷೇಪಿಸಿದರು.

ಈ ನಡುವೆ ಅತಿ ಹಳೆಯ ಬೌದ್ಧ ಹಸ್ತಪ್ರತಿಗಳೂ ಕೈಸೇರಿವೆ. ಮಣ್ಣಿನ ಮಡಕೆಗಳಲ್ಲಿದ್ದ ಭೂರ್ಜ ತೊಗಟೆಯ ಸುರುಳಿಗಳನ್ನು 1994ರಲ್ಲಿ ಬ್ರಿಟಿಷ್ ಲೈಬ್ರರಿ ಪಡೆಯಿತು. ಗಾಂಧಾರಿ ಭಾಷೆಯ, ಖರೋಷ್ಠಿ ಲಿಪಿಯ ಈ ಸುರುಳಿಗಳನ್ನು ರಿಚರ್ಡ್ ಸಾಲೊಮನ್ ಮತ್ತು ಸಂಗಡಿಗರು ಓದಿ ಕ್ರಿ.ಶ. ಒಂದನೆಯ ಶತಮಾನದವೆಂದು ಗುರುತಿಸಿದರು. ಪಾಲಿಯಲ್ಲಿರುವ ಕೆಲವು ಸೂತ್ರಗಳು ಇಲ್ಲಿಯೂ ಇವೆ. ಪಾಲಿಯೊಂದೇ ಮೂಲ ಎಂಬ ಹಳೆಯ ನಂಬಿಕೆ ಇದರಿಂದ ಸಡಿಲಗೊಂಡಿತು. ಸಮಾನವಾದ ಒಂದು ಹಳೆಯ ಪದರ ಇತ್ತೆಂಬುದು ಗಟ್ಟಿಯಾಯಿತು.

ಖಚಿತವಾದದ್ದು ಎಷ್ಟು?

ಡೇವಿಡ್ ಡ್ರೂಸ್ ಎಂಬ ವಿದ್ವಾಂಸರು 2017ರಲ್ಲಿ, ಬುದ್ಧನ ಬಗ್ಗೆ ಇತಿಹಾಸ ಒಪ್ಪುವಂಥ ಒಂದು ಸಂಗತಿಯನ್ನೂ ಪಾಶ್ಚಾತ್ಯ ಪಾಂಡಿತ್ಯ ಸ್ಥಾಪಿಸಿಲ್ಲ ಎಂದು ಬರೆದರು. ಜರ್ಮನಿಯ ಆಸ್ಕರ್ ಫಾನ್ ಹಿನ್ಯೂಬರ್ ಮೊದಲಾದವರು ಇದಕ್ಕೆ ಉತ್ತರಿಸಿದ್ದಾರೆ. ಗ್ರಂಥಗಳಲ್ಲಿ ಉಳಿದಿರುವ ಊರು, ರಾಜ, ಭಾಷೆಯ ಹಳೆಯ ವಿವರಗಳು ಕಟ್ಟುಕಥೆಗೆ ಹೊಂದುವುದಿಲ್ಲ ಎಂಬುದು ಈ ಪಕ್ಷದ ನಿಲುವು. ಇದೇ ಹಿನ್ಯೂಬರ್ ಅವರು ಮಾಯಿಕೊ ನಕಾನಿಶಿ ಜೊತೆಗೂಡಿ 2014ರಲ್ಲಿ ಕಲಬುರಗಿ ಜಿಲ್ಲೆಯ ಕನಗನಹಳ್ಳಿ ಸ್ತೂಪದ ಶಾಸನಗಳನ್ನು ಸಂಪಾದಿಸಿದರು. ಭೀಮಾ ತೀರದ ಆ ಸ್ತೂಪದ ಶಿಲ್ಪಫಲಕವೊಂದರಲ್ಲಿ ‘ರಾಯ ಅಶೋಕ’ ಎಂಬ ಬರಹದೊಡನೆ ಅಶೋಕನ ಚಿತ್ರವಿದೆ. ಅದರ ಸಮೀಪದ ಸನ್ನತಿಯಲ್ಲಿ 1986ರಲ್ಲಿ ಅಶೋಕನ ಶಾಸನವೇ ದೊರೆತಿದೆ.

ಪಾಶ್ಚಾತ್ಯರು ಏನೇ ಬರೆಯಲಿ, ಬುದ್ಧನನ್ನು ಹೊಸದಾಗಿ ಓದುವ ಹಕ್ಕನ್ನು ಭಾರತೀಯರು ಬಿಟ್ಟುಕೊಟ್ಟಿಲ್ಲ. ರಾಜೇಂದ್ರಲಾಲ್ ಮಿತ್ರ 1882ರಲ್ಲೇ ನೇಪಾಳದ ಬೌದ್ಧ ಗ್ರಂಥಗಳ ಸೂಚಿ ಪ್ರಕಟಿಸಿದರು. ಧರ್ಮಾನಂದ ಕೋಸಂಬಿ ಪಾಲಿ ಗ್ರಂಥದ ಸಂಪಾದನೆಗಾಗಿ ಹಾರ್ವರ್ಡ್‌ಗೆ ಹೋದರು. 1957ರಲ್ಲಿ ಹೊರಬಂದ ಅಂಬೇಡ್ಕರ್ ಅವರ ಬುದ್ಧ ಚರಿತ್ರೆ, ಮುಪ್ಪು, ರೋಗ, ಸಾವುಗಳನ್ನು ಮೊದಲ ಬಾರಿಗೆ ಕಂಡು ಬುದ್ಧ ಮನೆ ಬಿಟ್ಟನೆಂಬ ಕಥೆಯನ್ನು ಒಪ್ಪದೆ, ಶಾಕ್ಯ ಮತ್ತು ಕೋಲಿಯರ ನಡುವಿನ ರೋಹಿಣಿ ನದಿ ನೀರಿನ ವಿವಾದವನ್ನು ಕಾರಣವಾಗಿ ಮುಂದಿಟ್ಟಿತು.

ಒಟ್ಟಿನಲ್ಲಿ ಇಂದು ಗಟ್ಟಿಯಾಗಿ ಹೇಳಬಹುದಾದುದು ಇಷ್ಟು. ಕ್ರಿ.ಪೂ. ಮೂರನೆಯ ಶತಮಾನದ ಮಧ್ಯಭಾಗಕ್ಕೆ ಬೌದ್ಧ ಸಂಘ ಭದ್ರವಾಗಿ ನೆಲೆಗೊಂಡಿತ್ತು. ಲುಂಬಿನಿಯನ್ನು ಬುದ್ಧನ ಜನ್ಮಸ್ಥಳವೆಂದು ಜನರೂ ರಾಜನೂ ನಂಬಿದ್ದರು. ಅದಕ್ಕೆ ಒಂದೂವರೆ ಶತಮಾನದಿಂದ ಎರಡೂಕಾಲು ಶತಮಾನದಷ್ಟು ಹಿಂದೆ ಬುದ್ಧ ತೀರಿಕೊಂಡಿರಬೇಕು ಎಂಬಲ್ಲಿಗೆ ಬಹುತೇಕರ ಲೆಕ್ಕ ನಿಲ್ಲುತ್ತದೆ. ಸಿಂಹಳದ ಒಂದು ಸಂಖ್ಯೆ ಹಾಗೂ ಐವರು ಯವನ ರಾಜರ ಮೇಲೆ ನಿಂತ 563, 483ರ ಹಿಂದೆ ‘ಸುಮಾರು’ ಎಂಬ ಒಂದು ಪದ ಸೇರಿಸುವುದು ಪಠ್ಯಪುಸ್ತಕ ಬರೆಯುವವರಿಗೆ ಕಷ್ಟದ ಕೆಲಸವೇನಲ್ಲ. ಇತಿಹಾಸ ಎಂಬುದು ಸಾಕ್ಷ್ಯದಿಂದ ಕಟ್ಟುವ ವಿದ್ಯೆ ಎಂಬುದನ್ನು ಮಕ್ಕಳಿಗೆ ತಿಳಿಸಲು ಅದೊಂದು ಪದವೇ ಸಾಕು.